ಟ್ರೆಡ್‌ಮಿಲ್ ಕೈಕೊಟ್ಟಾಗ: ಮೊದಲು ಖಾಲಿ ಓಡಿಸಿ, ಆಮೇಲೆ ಹತ್ತಿ ನೋಡಿ

ಮನೆಯ ಟ್ರೆಡ್‌ಮಿಲ್ ಸತಾಯಿಸಲು ಶುರು ಮಾಡಿದರೆ ಕೆಲವರು ತಕ್ಷಣ ಟೆಕ್ನಿಷಿಯನ್‌ಗೆ ಫೋನ್ ಮಾಡುತ್ತಾರೆ. ಇನ್ನು ಕೆಲವರು ತಾನಾಗೇ ಸರಿಹೋದೀತು ಅಂತ ಹಾಗೇ ಓಡುತ್ತಿರುತ್ತಾರೆ. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ, ಎರಡನೆಯದರಲ್ಲಿ ಮೋಟರ್ ಹೋಗುತ್ತದೆ, ಕೆಲವೊಮ್ಮೆ ಮಂಡಿಯೂ ಹೋಗುತ್ತದೆ. ಇವೆರಡರ ನಡುವೆ ನೀವೇ ಮಾಡಬಹುದಾದ ಪರೀಕ್ಷೆಗಳು ಬೇಕಾದಷ್ಟಿವೆ. ಬಹಳಷ್ಟಕ್ಕೆ ಒಂದು ಅಲೆನ್ ಕೀ (ಬೋಲ್ಟ್ ತಿರುಗಿಸುವ ಆರು ಮೂಲೆಯ ಬಾಗಿದ ಕಡ್ಡಿ), ಒಂದು ಒಣ ಬಟ್ಟೆ, ಒಂದು ಚಾಕ್ ಸಾಕು.

ಎಲ್ಲಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ತೊಂದರೆ ಮೆಷಿನ್ ಖಾಲಿ ಓಡುವಾಗಲೂ ಬರುತ್ತದೆಯಾ, ಅಥವಾ ನೀವು ಹತ್ತಿದಾಗ ಮಾತ್ರ ಬರುತ್ತದೆಯಾ?

ಈ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಟ್ರೆಡ್‌ಮಿಲ್‌ನ ಒಳಗೆ ನಡೆಯುವುದು ಇಷ್ಟೇ: ಮೋಟರ್ ಒಂದು ಸಣ್ಣ ಬೆಲ್ಟ್ ಮೂಲಕ ಮುಂದಿನ ರೋಲರ್ ತಿರುಗಿಸುತ್ತದೆ, ರೋಲರ್ ನೀವು ನಡೆಯುವ ದೊಡ್ಡ ಬೆಲ್ಟನ್ನು ಎಳೆಯುತ್ತದೆ, ಆ ಬೆಲ್ಟ್ ಕೆಳಗಿರುವ ಹಲಗೆಯ ಮೇಲೆ, ಅಂದರೆ ಡೆಕ್ ಮೇಲೆ, ಉಜ್ಜಿಕೊಂಡು ಹೋಗುತ್ತದೆ. ಖಾಲಿ ಇದ್ದಾಗ ಉಜ್ಜಾಟ ಕಡಿಮೆ. ನೀವು ಕಾಲಿಟ್ಟ ಕ್ಷಣ ನಿಮ್ಮ ಪೂರ್ತಿ ಭಾರ ಬೆಲ್ಟನ್ನು ಡೆಕ್‌ಗೆ ಒತ್ತುತ್ತದೆ, ಮೋಟರ್ ಅದನ್ನೂ ಮೀರಿ ಎಳೆಯಬೇಕು. ಹಾಗಾಗಿ ಭಾರ ಬಿದ್ದಾಗ ಮಾತ್ರ ಬರುವ ತೊಂದರೆ ಸಾಮಾನ್ಯವಾಗಿ ಉಜ್ಜಾಟದ್ದು, ಸಡಿಲವಾದ ಬೆಲ್ಟಿನದು, ಇಲ್ಲವೇ ಕರೆಂಟ್ ಸಾಲದೇ ಇರುವುದರದ್ದು. ಖಾಲಿ ಇದ್ದಾಗಲೂ ಬಂದರೆ ಸೆನ್ಸರ್, ವೈರ್, ಬೋರ್ಡ್, ಬೇರಿಂಗ್ ಕಡೆ ನೋಡಬೇಕು. ಈ ಒಂದು ಉತ್ತರದಿಂದಲೇ ಅರ್ಧ ಹುಡುಕಾಟ ಮುಗಿಯುತ್ತದೆ.

ಕೈ ಹಾಕುವ ಮುಂಚೆ

ಬೆಲ್ಟ್ ಕೆಳಗೆ ಕೈ ಹಾಕುವುದಿರಲಿ, ಬೋಲ್ಟ್ ತಿರುಗಿಸುವುದಿರಲಿ, ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ದಾರದಿಂದ ಬಟ್ಟೆಗೆ ಸಿಕ್ಕಿಸಿಕೊಳ್ಳುವ ಸೇಫ್ಟಿ ಕೀ ತೆಗೆದರೂ ಸಾಲದು, ಅದು ಬೆಲ್ಟನ್ನು ನಿಲ್ಲಿಸುತ್ತದೆ ಅಷ್ಟೇ, ಒಳಗಿನ ಕರೆಂಟನ್ನು ತೆಗೆಯುವುದಿಲ್ಲ.

ಮೋಟರಿನ ಮೇಲಿನ ಮುಚ್ಚಳ ತೆಗೆಯುವುದಾದರೆ ಇನ್ನೊಂದು ಮಾತು. ಮೋಟರ್ ನಡೆಸುವ ಬೋರ್ಡಿನಲ್ಲಿ ದೊಡ್ಡ ಕೆಪಾಸಿಟರ್‌ಗಳಿರುತ್ತವೆ. ಪ್ಲಗ್ ಕಿತ್ತ ಮೇಲೂ ಅವು ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ, ಮುಟ್ಟಿದರೆ ಜೋರಾಗಿ ಹೊಡೆಯುತ್ತವೆ. ಕೆಲವು ನಿಮಿಷ ಕಾಯಿರಿ, ಬೋರ್ಡ್ ಮೇಲಿನ ದೀಪ ಪೂರ್ತಿ ಆರಿರಲಿ, ಆಗಲೂ ಬೋರ್ಡಿಗೆ ಬೆರಳು ತಾಗಿಸಬೇಡಿ. ದೂಳು ತೆಗೆಯುವುದು, ಕಣ್ಣಲ್ಲಿ ನೋಡುವುದು ಮನೆಯವರ ಕೆಲಸ. ಬೋರ್ಡಿನ ರಿಪೇರಿ ಮನೆಯವರ ಕೆಲಸ ಅಲ್ಲ.

ಮಕ್ಕಳು, ಸಾಕುಪ್ರಾಣಿಗಳು ಇದ್ದರೆ ಬೇರೆ ಕೋಣೆಗೆ ಕಳಿಸಿ. ಪರೀಕ್ಷೆಗೆಂದು ಖಾಲಿ ಓಡಿಸುವಾಗ ಇದು ಇನ್ನೂ ಮುಖ್ಯ, ಯಾಕಂದರೆ ನಿಮ್ಮ ಗಮನ ಪೂರ್ತಿ ಮೆಷಿನ್ ಮೇಲಿರುತ್ತದೆ. ಹಿಂದಿನ ರೋಲರ್ ಬೆರಳನ್ನೂ ಕೈಯನ್ನೂ ಒಳಗೆ ಎಳೆದುಕೊಳ್ಳುತ್ತದೆ. 2021ರ ಮೇ ತಿಂಗಳಲ್ಲಿ ಪೆಲೊಟಾನ್ ಕಂಪನಿ ಅಮೆರಿಕದಲ್ಲಿ ತನ್ನ ಟ್ರೆಡ್ ಪ್ಲಸ್ ಮಾದರಿಯ ಸುಮಾರು 1,25,000 ಮೆಷಿನ್‌ಗಳನ್ನು ವಾಪಸ್ ಕರೆಸಿಕೊಂಡಿತು. ಆರು ವರ್ಷದ ಮಗುವೊಂದು ಹಿಂಬದಿಯಿಂದ ಅಡಿಗೆ ಸಿಲುಕಿ ಸತ್ತಿತ್ತು, ಬೇರೆ ಮಕ್ಕಳಿಗೂ ಗಾಯಗಳಾಗಿದ್ದವು. ಯಾವ ಕಂಪನಿಯದೇ ಆಗಲಿ, ಬಳಸದೇ ಇರುವಾಗ ಸೇಫ್ಟಿ ಕೀ ಮೆಷಿನ್‌ನಲ್ಲಿ ಇರಬಾರದು. ಮಕ್ಕಳಿಗೆ ಸಿಗದ ಜಾಗದಲ್ಲಿ ಇಡಿ.

ಆನ್ ಆಗುವುದೇ ಇಲ್ಲ

ಇಲ್ಲಿ ಖಾಲಿ, ಭಾರ ಅನ್ನುವ ಪ್ರಶ್ನೆ ಬರುವುದಿಲ್ಲ. ಕರೆಂಟ್ ಬರುವ ದಾರಿಯನ್ನೇ ಹಿಡಿದು ಹೋಗಿ. ಅದೇ ಸಾಕೆಟ್‌ಗೆ ಬೇರೆ ಏನಾದರೂ ಹಾಕಿ ನೋಡಿ. ಅದು ನಡೆದರೆ ಮೆಷಿನ್ ಬುಡಕ್ಕೆ ಬನ್ನಿ. ವೈರ್ ಒಳಗೆ ಹೋಗುವ ಜಾಗದ ಹತ್ತಿರ ಒಂದು ಸ್ವಿಚ್ ಇರುತ್ತದೆ, ಪಕ್ಕದಲ್ಲಿ ಸಣ್ಣ ಗುಂಡಿಯಂಥ ಬ್ರೇಕರ್ ಇರುತ್ತದೆ. ಆ ಗುಂಡಿ ಹೊರಗೆ ಹಾರಿದ್ದರೆ ಐದು ನಿಮಿಷ ಬಿಟ್ಟು ಒತ್ತಿ. ಒಂದು ಸಲ ಹಾರಿದ್ದು ಅಷ್ಟೇನೂ ದೊಡ್ಡ ವಿಷಯ ಅಲ್ಲ. ಒತ್ತಿದ ತಕ್ಷಣ ಮತ್ತೆ ಹಾರಿದರೆ ಒಳಗೆ ಶಾರ್ಟ್ ಇರಬಹುದು, ಮತ್ತೆ ಮತ್ತೆ ಒತ್ತಬೇಡಿ.

ಆಮೇಲೆ ಸೇಫ್ಟಿ ಕೀ. ಇದನ್ನು ಜನ ಮರೆಯುವಷ್ಟು ಬೇರೆ ಯಾವುದನ್ನೂ ಮರೆಯುವುದಿಲ್ಲ. ತುಂಬಾ ಮಾದರಿಗಳಲ್ಲಿ ಕೀ ಒಳಗೆ ಒಂದು ಚಿಕ್ಕ ಆಯಸ್ಕಾಂತ ಇರುತ್ತದೆ. ಕೀ ಕೆಳಗೆ ಬಿದ್ದು ಆಯಸ್ಕಾಂತ ಉದುರಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಕೀ ಹಾಕಿದರೂ ಮೆಷಿನ್‌ಗೆ ಮಾತ್ರ ಅದು ಇಲ್ಲದ ಹಾಗೆ. ಕೀಯನ್ನು ಒಂದು ಕಬ್ಬಿಣದ ಮೊಳೆಯ ಹತ್ತಿರ ಹಿಡಿದು ನೋಡಿ, ಎಳೆಯಬೇಕು. ಕೀ ಹಾಳಾಗಿದ್ದರೆ ಅದೇ ಮಾದರಿಯ ಕೀ ತರಿಸಿ. ಯಾವುದೋ ಆಯಸ್ಕಾಂತವನ್ನು ಖಾಯಂ ಅಂಟಿಸಿ ಕೆಲಸ ನಡೆಸಬೇಡಿ. ಬಿದ್ದಾಗ ಬೆಲ್ಟ್ ನಿಲ್ಲಿಸುವುದು ಅದೊಂದೇ.

ಮೆಷಿನ್ ಇತ್ತೀಚೆಗೆ ಮಡಚಿ ಬಿಚ್ಚಿದ್ದೀರಾ? ಕಂಬದ ಒಳಗೆ ಹೋಗುವ ವೈರ್ ಆಗ ಚಿವುಟಿಕೊಳ್ಳಬಹುದು, ಅದರ ಕನೆಕ್ಟರ್ ಸಡಿಲವಾಗಬಹುದು. ಪ್ಲಗ್ ಕಿತ್ತು ಕನೆಕ್ಟರನ್ನು ಒಂದು ಸಲ ಬಿಡಿಸಿ ಗಟ್ಟಿಯಾಗಿ ಸೇರಿಸಿ. ವೈರಿನ ಮೈ ಕಿತ್ತುಹೋಗಿ ತಾಮ್ರ ಕಾಣುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಡಿಸ್‌ಪ್ಲೇ ಬರುತ್ತದೆ, ಬೆಲ್ಟ್ ಕೆಲವು ಸೆಕೆಂಡ್ ಓಡಿ ನಿಲ್ಲುತ್ತದೆ

ಯಾರೂ ಹತ್ತದೇ ಇದ್ದಾಗಲೂ ಹೀಗೇ ಆಗುತ್ತದಾ ನೋಡಿ. ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ನಿಂತರೆ ಸ್ಪೀಡ್ ಸೆನ್ಸರ್ ಮೇಲೆ ಅನುಮಾನ ಪಡಿ. ಹಲವು ಮಾದರಿಗಳಲ್ಲಿ ಮುಂದಿನ ರೋಲರಿನ ಚಕ್ರಕ್ಕೆ ಒಂದು ಆಯಸ್ಕಾಂತ ಅಂಟಿರುತ್ತದೆ, ಅದರ ಎದುರು ಕೆಲವೇ ಮಿಲಿಮೀಟರ್ ದೂರದಲ್ಲಿ ಸೆನ್ಸರ್ ಇರುತ್ತದೆ. ಚಕ್ರ ತಿರುಗಿದಾಗೆಲ್ಲ ಸೆನ್ಸರ್ ಮೇಲಕ್ಕೆ ಒಂದು ಸಂಕೇತ ಕಳಿಸುತ್ತದೆ. ಸಂಕೇತ ಬರದೇ ಹೋದರೆ ವೇಗ ಎಷ್ಟಿದೆ ಅಂತ ಮೆಷಿನ್‌ಗೆ ಗೊತ್ತಾಗುವುದಿಲ್ಲ, ಸುರಕ್ಷತೆಗಾಗಿ ನಿಲ್ಲಿಸಿಬಿಡುತ್ತದೆ. ಅಲುಗಾಟಕ್ಕೆ ಸೆನ್ಸರ್ ಸರಿದಿರುತ್ತದೆ, ಇಲ್ಲವೇ ದೂಳು ತುಂಬಿರುತ್ತದೆ. ಪ್ಲಗ್ ಕಿತ್ತು, ಕಾದು, ಮುಚ್ಚಳ ತೆಗೆದು ಒಣ ಬ್ರಷ್‌ನಲ್ಲಿ ದೂಳು ತೆಗೆಯಿರಿ, ಸೆನ್ಸರ್ ಅದರ ಜಾಗದಲ್ಲಿ ಗಟ್ಟಿಯಾಗಿ ಕೂತಿದೆಯಾ ನೋಡಿ. ಅಷ್ಟಕ್ಕೇ ಸರಿಹೋಗುವ ಮೆಷಿನ್‌ಗಳು ಬಹಳ.

ಡಿಸ್‌ಪ್ಲೇಯಲ್ಲಿ ಇ1, ಇ2 ಅಂತ ಏನಾದರೂ ಬಂದರೆ ಬರೆದಿಟ್ಟುಕೊಳ್ಳಿ. ಆದರೆ ಒಂದು ಕಂಪನಿಯ ಇ1 ಇನ್ನೊಂದರ ಇ1 ಅಲ್ಲ. ನಿಮ್ಮ ಮಾದರಿಯ ಪುಸ್ತಕದಲ್ಲಿರುವ ಅರ್ಥವನ್ನು ಮಾತ್ರ ನಂಬಿ.

ಇದಕ್ಕೆ ತದ್ವಿರುದ್ಧವಾದ ಲಕ್ಷಣ ಒಂದಿದೆ, ಇದರಲ್ಲಿ ಮಾತ್ರ ಯಾವ ಪ್ರಯೋಗವೂ ಬೇಡ. ನೀವು ಒತ್ತದೇ ಬೆಲ್ಟ್ ಇದ್ದಕ್ಕಿದ್ದಂತೆ ವೇಗ ಹಿಡಿದರೆ ಕೀ ಎಳೆಯಿರಿ, ಪ್ಲಗ್ ಕಿತ್ತಿಡಿ, ಟೆಕ್ನಿಷಿಯನ್ ನೋಡುವವರೆಗೆ ಯಾರೂ ಹತ್ತಬೇಡಿ. ಇನ್ನೊಂದು ಸಲ ಹಾಗಾಗುತ್ತದಾ ನೋಡೋಣ ಅಂತಲೂ ಹತ್ತಬೇಡಿ.

ಕಾಲಿಟ್ಟಾಗ ಬೆಲ್ಟ್ ತಡವರಿಸುತ್ತದೆ, ಜಾರುತ್ತದೆ, ನಿಂತು ಓಡುತ್ತದೆ

ಮನೆಯ ಟ್ರೆಡ್‌ಮಿಲ್‌ನಲ್ಲಿ ಜಾಸ್ತಿ ಕಾಣುವ ದೂರು ಇದೇ. ಖಾಲಿ ಓಡಿಸಿದರೆ ಚೆನ್ನಾಗಿ ಓಡುತ್ತದೆ. ಹತ್ತಿದರೆ ಪ್ರತಿ ಹೆಜ್ಜೆಗೂ ಒಂದು ಕ್ಷಣ ಹಿಡಿದ ಹಾಗಾಗುತ್ತದೆ. ಬಹಳಷ್ಟು ಜನ ಇದನ್ನು ನೋಡಿದ ತಕ್ಷಣ ಹಿಂದಿನ ಬೋಲ್ಟ್ ಬಿಗಿ ಮಾಡಲು ಹೋಗುತ್ತಾರೆ. ದಯವಿಟ್ಟು ಅದನ್ನು ಮೊದಲು ಮಾಡಬೇಡಿ. ಬೆಲ್ಟ್ ಒಣಗಿ ಉಜ್ಜುತ್ತಿರುವಾಗ ಬಿಗಿ ಮಾಡಿದರೆ ರೋಲರಿನ ಬೇರಿಂಗ್ ಮೇಲೆ ಭಾರ, ಮೋಟರ್ ಮೇಲೂ ಭಾರ. ಎರಡು ದಿನ ಸರಿಹೋದ ಹಾಗೆ ಕಂಡು ಆಮೇಲೆ ದೊಡ್ಡ ಖರ್ಚಿಗೆ ತಂದು ನಿಲ್ಲಿಸುತ್ತದೆ.

ಮೊದಲು ಒಣಗಿದೆಯಾ ನೋಡಿ. ಪ್ಲಗ್ ಕಿತ್ತು, ಬೆಲ್ಟಿನ ಅಂಚು ಎತ್ತಿ, ನಿಮ್ಮ ಪಾದ ಬೀಳುವ ಜಾಗದಲ್ಲಿ ಡೆಕ್ ಮೇಲೆ ಬೆರಳು ಆಡಿಸಿ. ಬೆರಳಿಗೆ ತೆಳ್ಳಗೆ ಜಿಡ್ಡು ತಾಗಿದರೆ ಸಾಕು. ಒಣಗಿದ್ದು, ಕಪ್ಪು ಪುಡಿ ಬಂದರೆ ಎಣ್ಣೆ ಬೇಕಾಗಿದೆ.

ಎಣ್ಣೆ ಅಂದರೆ ಟ್ರೆಡ್‌ಮಿಲ್‌ಗೆಂದೇ ಸಿಗುವ ಶುದ್ಧ ಸಿಲಿಕೋನ್ ಎಣ್ಣೆ. ಅಡುಗೆ ಎಣ್ಣೆ ಬೇಡ, ಹೊಲಿಗೆ ಯಂತ್ರದ ಎಣ್ಣೆ ಬೇಡ, ಗ್ರೀಸ್ ಬೇಡ, ತುಕ್ಕು ಬಿಡಿಸುವ ಸ್ಪ್ರೇ ಅಂತೂ ಬೇಡವೇ ಬೇಡ. ಪೆಟ್ರೋಲಿಯಂ ಸೇರಿದ ಎಣ್ಣೆಗಳು ಬೆಲ್ಟನ್ನೂ ಡೆಕ್ ಮೇಲಿನ ಪದರವನ್ನೂ ಹಾಳು ಮಾಡುತ್ತವೆ. ಇನ್ನೊಂದು ಎಚ್ಚರಿಕೆ: ಕೆಲವು ಮಾದರಿಗಳ ಡೆಕ್‌ಗೆ ಕಾರ್ಖಾನೆಯಲ್ಲೇ ಮೇಣ ಹಚ್ಚಿರುತ್ತಾರೆ, ಅವಕ್ಕೆ ಎಣ್ಣೆ ಹಾಕಬಾರದು. ಯಾವುದು ನಿಮ್ಮದು ಅಂತ ಪುಸ್ತಕ ನೋಡಿಯೇ ಮುಂದುವರಿಯಿರಿ.

ಹಾಕುವ ಮುಂಚೆ ಒಣ ಹತ್ತಿ ಬಟ್ಟೆಯನ್ನು ಬೆಲ್ಟ್ ಅಡಿಯಲ್ಲಿ ತೂರಿಸಿ ಎರಡೂ ಕಡೆಯಿಂದ ಎಳೆದಾಡಿ ಹಳೆಯ ಕೊಳೆ ತೆಗೆಯಿರಿ. ಆಮೇಲೆ ಬೆಲ್ಟ್ ಎತ್ತಿ, ಎಣ್ಣೆಯನ್ನು ಡೆಕ್‌ನ ನಡುಭಾಗಕ್ಕೆ ತಲುಪುವ ಹಾಗೆ ಅಡ್ಡಡ್ಡವಾಗಿ ಬಿಡಿ, ಒಂದು ಕಡೆಯಿಂದ ಅರ್ಧ, ಇನ್ನೊಂದು ಕಡೆಯಿಂದ ಅರ್ಧ. ಪ್ರಮಾಣ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಅನಿಸುತ್ತದೆ ಅಲ್ವಾ, ಆದರೆ ಹೆಚ್ಚಾದ ಎಣ್ಣೆ ರೋಲರಿಗೆ ಹೋಗಿ ಬೆಲ್ಟ್ ಜಾರಲು ಶುರುವಾಗುತ್ತದೆ, ದೂಳನ್ನೂ ಹಿಡಿಯುತ್ತದೆ. ಹಾಕಿದ ಮೇಲೆ ಗಂಟೆಗೆ 4 ಕಿ.ಮೀ. ವೇಗದಲ್ಲಿ ಐದು ನಿಮಿಷ ನಿಧಾನ ನಡೆಯಿರಿ, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಕಾಲಿಡಿ. ಎಣ್ಣೆ ಪೂರ್ತಿ ಹರಡುತ್ತದೆ.

ಎಣ್ಣೆ ಸರಿಯಿದ್ದೂ ತಡವರಿಸಿದರೆ ಎಲ್ಲಿ ಜಾರುತ್ತಿದೆ ಅಂತ ಹುಡುಕಬೇಕು. ಮೆಷಿನ್‌ಗೆ ಅತಿ ಕಡಿಮೆ ವೇಗ ಕೊಡಿ. ಕೈಕಂಬಿ ಗಟ್ಟಿಯಾಗಿ ಹಿಡಿದು ಬೆಲ್ಟ್ ಮೇಲೆ ನಿಧಾನ ನಡೆಯುತ್ತಾ ಒಂದೊಂದು ಹೆಜ್ಜೆಯನ್ನು ಸ್ವಲ್ಪ ಒತ್ತಿ ಇಡಿ. ಮನೆಯವರೊಬ್ಬರು ಪಕ್ಕದಲ್ಲಿ, ಕೈ ದೂರ ಇಟ್ಟುಕೊಂಡು, ಮುಂದಿನ ರೋಲರನ್ನು ನೋಡುತ್ತಿರಲಿ. ಬೆಲ್ಟ್ ನಿಂತು ರೋಲರ್ ತಿರುಗುತ್ತಲೇ ಇದ್ದರೆ ನೀವು ನಡೆಯುವ ಬೆಲ್ಟ್ ಸಡಿಲ. ಬೆಲ್ಟೂ ರೋಲರೂ ಎರಡೂ ನಿಂತು ಮೋಟರಿನ ಸದ್ದು ಮಾತ್ರ ಹಾಗೇ ಓಡುತ್ತಿದ್ದರೆ ಒಳಗಿನ ಸಣ್ಣ ಬೆಲ್ಟ್ ಜಾರುತ್ತಿದೆ. ಮೋಟರೂ ಸೇರಿ ಎಲ್ಲವೂ ಕುಗ್ಗಿದರೆ ಜಾರಿಕೆ ಅಲ್ಲ. ಉಜ್ಜಾಟ ವಿಪರೀತ ಇದೆ, ಇಲ್ಲವೇ ಕರೆಂಟ್ ಸಾಲುತ್ತಿಲ್ಲ, ಇಲ್ಲವೇ ಮೋಟರ್ ಅಥವಾ ಬೋರ್ಡ್ ಸೋತಿದೆ.

ನಡೆಯುವ ಬೆಲ್ಟ್ ಸಡಿಲ ಅಂತ ಖಚಿತವಾದರೆ ಈಗ ಅಲೆನ್ ಕೀ ತೆಗೆದುಕೊಳ್ಳಿ. ಹಿಂದುಗಡೆ ಎರಡೂ ಮೂಲೆಯಲ್ಲಿ ಬೋಲ್ಟ್ ಇರುತ್ತದೆ. ಎರಡನ್ನೂ ಸಮನಾಗಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ, ಅಷ್ಟೇ. ಮತ್ತೆ ನಡೆದು ನೋಡಿ. ಬೇಕಿದ್ದರೆ ಇನ್ನೊಂದು ಕಾಲು ಸುತ್ತು. ಸರಿಯಾದ ಬಿಗಿ ಇದ್ದಾಗ ಬೆಲ್ಟನ್ನು ನಡುವಿನಲ್ಲಿ ಅಂಚು ಹಿಡಿದು ಎತ್ತಿದರೆ ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್ ಏಳುತ್ತದೆ. ಬೆರಳೇ ತೂರದಷ್ಟು ಬಿಗಿ ಇದ್ದರೆ ಸಡಿಲಿಸಿ. ಒಳಗಿನ ಸಣ್ಣ ಬೆಲ್ಟ್ ಜಾರುತ್ತಿದ್ದರೆ ಅದನ್ನು ಟೆಕ್ನಿಷಿಯನ್‌ಗೆ ಬಿಡಿ.

ಎಣ್ಣೆ, ಬಿಗಿ ಎರಡೂ ಸರಿಯಿದ್ದು ಸಪಾಟಾಗಿ ನಡೆಯುವಾಗ ತಡವರಿಸುತ್ತದೆ, ಸ್ವಲ್ಪ ಏರು ಕೊಟ್ಟರೆ ಸರಾಗ ಅನ್ನಿಸಿದರೆ ಅದೂ ಒಂದು ಸುಳಿವು. ಏರಿನಲ್ಲಿ ನಿಮ್ಮ ಭಾರವೇ ಬೆಲ್ಟನ್ನು ಹಿಂದಕ್ಕೆ ತಳ್ಳುತ್ತದೆ, ಮೋಟರಿಗೆ ಕೆಲಸ ಕಡಿಮೆ. ಅಂದರೆ ಉಜ್ಜಾಟವನ್ನು ಮೋಟರ್ ತಡೆಯಲಾರದೆ ಒದ್ದಾಡುತ್ತಿದೆ. ಬೆಲ್ಟಿನ ಒಳಮೈ ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿದೆಯಾ, ಅಂಚು ಸುರುಳಿಯಾಗಿದೆಯಾ, ಡೆಕ್ ಮೇಲೆ ಗೀರು ಬಿದ್ದಿದೆಯಾ ನೋಡಿ. ಇದ್ದರೆ ಎಣ್ಣೆಯಿಂದ ಇನ್ನು ಪ್ರಯೋಜನ ಇಲ್ಲ, ಬೆಲ್ಟ್ ಬದಲಿಸಬೇಕು. ಕೆಲವು ಡೆಕ್‌ಗಳನ್ನು ತಿರುಗಿಸಿ ಇನ್ನೊಂದು ಮುಖ ಬಳಸಬಹುದು, ಕೇಳಿ ನೋಡಿ. ಸವೆದ ಡೆಕ್ ಮೇಲೆ ಹೊಸ ಬೆಲ್ಟ್ ಹಾಕಿಸಿದರೆ ಅದೂ ಬೇಗ ಸವೆಯುತ್ತದೆ.

ಬೆಲ್ಟ್ ಒಂದು ಪಕ್ಕಕ್ಕೆ ಸರಿಯುತ್ತದೆ

ಮೊದಲು ನೆಲ ಸಮ ಇದೆಯಾ ನೋಡಿ. ಒಂದು ಕಾಲು ಅಲ್ಲಾಡುತ್ತಿದ್ದರೆ ಅದನ್ನು ಸರಿಮಾಡದೆ ಬೆಲ್ಟ್ ಸರಿಮಾಡುವುದು ವ್ಯರ್ಥ. ಆಮೇಲೆ ಗಂಟೆಗೆ 5 ಕಿ.ಮೀ. ವೇಗದಲ್ಲಿ ಖಾಲಿ ಓಡಿಸಿ ಎರಡು ನಿಮಿಷ ನೋಡಿ. ಎಡಕ್ಕೆ ಸರಿದರೆ ಮೆಷಿನ್ ನಿಲ್ಲಿಸಿ, ಪ್ಲಗ್ ಕಿತ್ತು, ಎಡ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿ. ಬಲಕ್ಕೆ ಸರಿದರೆ ಬಲ ಬೋಲ್ಟ್. ಬೆಲ್ಟ್ ಯಾವಾಗಲೂ ಬಿಗಿ ಇರುವ ಕಡೆಯಿಂದ ಸಡಿಲ ಇರುವ ಕಡೆಗೆ ಹೋಗುತ್ತದೆ. ಮತ್ತೆ ಎರಡು ನಿಮಿಷ ಓಡಿಸಿ, ಕಾಯಿರಿ. ಬದಲಾವಣೆ ತಕ್ಷಣ ಕಾಣುವುದಿಲ್ಲ, ಅವಸರದಲ್ಲಿ ಇನ್ನೊಂದು ಸುತ್ತು ತಿರುಗಿಸಿದರೆ ಬೆಲ್ಟ್ ಆಚೆ ಪಕ್ಕಕ್ಕೆ ಹೋಗಿ ಉಜ್ಜುತ್ತದೆ.

ಖಾಲಿ ಓಡುವಾಗ ನಟ್ಟನಡುವೆ ಇದ್ದು ನೀವು ಓಡುವಾಗ ಮಾತ್ರ ಸರಿದರೆ ಬೋಲ್ಟ್ ಮುಟ್ಟಬೇಡಿ. ನೀವು ಒಂದು ಕಾಲಿಗೆ ಹೆಚ್ಚು ಭಾರ ಹಾಕುತ್ತಿರಬಹುದು, ಇಲ್ಲವೇ ಬೆಲ್ಟಿನ ಒಂದು ಪಕ್ಕದಲ್ಲೇ ಓಡುತ್ತಿರಬಹುದು. ನಡುವಿನಲ್ಲಿ ಓಡಿ ನೋಡಿ.

ಸದ್ದು

ಸದ್ದಿನ ವಿಷಯದಲ್ಲಿ ಅದು ಯಾವಾಗ ಬರುತ್ತದೆ ಅನ್ನುವುದೇ ಮುಖ್ಯ. ಬೆಲ್ಟಿನ ಅಂಚಿಗೆ ಚಾಕ್‌ನಲ್ಲಿ ಒಂದು ಗುರುತು ಹಾಕಿ ಖಾಲಿ ಓಡಿಸಿ. ಗುರುತು ಒಂದೇ ಜಾಗಕ್ಕೆ ಬಂದಾಗಲೆಲ್ಲ ಟಕ್ ಅಂದರೆ ಬೆಲ್ಟಿನ ಜೋಡಣೆಯ ಸದ್ದು, ಅಥವಾ ಬೆಲ್ಟ್‌ಗೆ ಕಲ್ಲು ಏನಾದರೂ ಕಚ್ಚಿಕೊಂಡಿದೆ. ನಿಲ್ಲಿಸಿ, ಪ್ಲಗ್ ಕಿತ್ತು ಕೈಯಾಡಿಸಿ ನೋಡಿ. ಜೋಡಣೆ ಬಿಟ್ಟುಕೊಳ್ಳುತ್ತಿದ್ದರೆ ಬಳಸಬೇಡಿ, ಓಡುವಾಗ ಹರಿದರೆ ನೇರ ಮುಖ ಅಡಿಯಾಗಿ ಬೀಳುತ್ತೀರಿ.

ವೇಗ ಹೆಚ್ಚಿಸಿದ ಹಾಗೆ ಸದ್ದೂ ಏರಿದರೆ ತಿರುಗುವ ಭಾಗದ್ದು. ಮುಂದುಗಡೆ ಕೀಚಲು ಸದ್ದು ಒಳಗಿನ ಸಣ್ಣ ಬೆಲ್ಟಿನದು ಇರಬಹುದು. ಕರಕರ ಅಂತ ಕಬ್ಬಿಣ ಅರೆದ ಹಾಗೆ ಬಂದರೆ ರೋಲರಿನ ಅಥವಾ ಮೋಟರಿನ ಬೇರಿಂಗ್. ಬೇರಿಂಗ್ ಸದ್ದಿಗೆ ಎಣ್ಣೆ ಬಿಟ್ಟರೆ ನಾಲ್ಕು ದಿನ ಸುಮ್ಮನಾಗುತ್ತದೆ, ಆಮೇಲೆ ಮತ್ತೆ ಬರುತ್ತದೆ. ಬದಲಿಸುವುದೇ ದಾರಿ.

ಖಾಲಿ ಇದ್ದಾಗ ಸದ್ದೇ ಇಲ್ಲ, ಹೆಜ್ಜೆ ಇಟ್ಟಾಗ ಮಾತ್ರ ಕಿರ್ ಅನ್ನುತ್ತದೆ ಅಂದರೆ ಖುಷಿಪಡಿ, ಇದು ಸುಲಭದ್ದು. ಕಂಬದ ಬೋಲ್ಟ್, ಡೆಕ್ ಬೋಲ್ಟ್, ಮಡಚುವ ಕೀಲು, ಕೆಳಗಿನ ನೆಲ, ಒಂದೊಂದಾಗಿ ನೋಡುತ್ತಾ ಹೋಗಿ.

ಸುಟ್ಟ ವಾಸನೆ, ವಿಪರೀತ ಬಿಸಿ, ನಡುವೆ ಕರೆಂಟ್ ಟ್ರಿಪ್ ಆಗುವುದು

ಹೊಸ ಮೆಷಿನ್‌ನಲ್ಲಿ ಮೊದಮೊದಲು ಸ್ವಲ್ಪ ರಬ್ಬರ್ ವಾಸನೆ ಬರುತ್ತದೆ, ಕಡಿಮೆಯಾಗುತ್ತಾ ಹೋದರೆ ಚಿಂತೆಯಿಲ್ಲ. ಪ್ಲಾಸ್ಟಿಕ್ ಅಥವಾ ವೈರ್ ಸುಟ್ಟ ಘಾಟು ಬಂದರೆ, ಹೊಗೆ ಅಥವಾ ಕಿಡಿ ಕಂಡರೆ, ತಕ್ಷಣ ಇಳಿದು ಗೋಡೆಯ ಸ್ವಿಚ್ ಆಫ್ ಮಾಡಿ. ನೀರು ಹಾಕಬೇಡಿ. ಬೆಂಕಿ ಕಾಣಿಸಿದರೆ ಮೆಷಿನ್ ಉಳಿಸಲು ಹೋಗಬೇಡಿ, ಎಲ್ಲರೂ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ವಾಸನೆ ಇಲ್ಲದೆ ಬರೀ ಬಿಸಿಯಾದರೆ, ಅಥವಾ ಇಪ್ಪತ್ತು ನಿಮಿಷ ನಡೆದ ಮೇಲೆ ಬ್ರೇಕರ್ ಹಾರಿದರೆ, ಮತ್ತೆ ಅದೇ ಮಾತು: ಬೆಲ್ಟ್ ಒಣಗಿದೆಯಾ? ಒಣಗಿದ ಬೆಲ್ಟ್ ಎಳೆಯಲು ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಎಲ್ಲವೂ ಬಿಸಿಯಾಗುತ್ತದೆ. ಎರಡನೆಯದು ದೂಳು. ಮೋಟರಿನ ಸುತ್ತ ದೂಳು, ಕೂದಲು ತುಂಬಿದರೆ ಗಾಳಿ ಆಡುವುದಿಲ್ಲ. ಪ್ಲಗ್ ಕಿತ್ತು, ಕಾದು, ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಮೂರನೆಯದು ಬಳಸುವ ರೀತಿ. ಹೆಚ್ಚು ತೂಕದವರು ತುಂಬಾ ಹೊತ್ತು ಅತಿ ನಿಧಾನ ನಡೆದರೆ ಮೋಟರಿಗೆ ಕಷ್ಟ, ಯಾಕಂದರೆ ಸಾಮಾನ್ಯವಾಗಿ ತಂಪು ಮಾಡುವ ಫ್ಯಾನ್ ಮೋಟರಿನ ಜೊತೆಗೇ ತಿರುಗುತ್ತದೆ, ವೇಗ ಕಡಿಮೆಯಾದರೆ ಗಾಳಿಯೂ ಕಡಿಮೆ. ಮೆಷಿನ್ ಎಷ್ಟು ತೂಕ ತಡೆಯುತ್ತದೆ ಅಂತ ಪುಸ್ತಕದಲ್ಲಿರುತ್ತದೆ, ಅದನ್ನು ಮೀರಬೇಡಿ.

ನಾಲ್ಕನೆಯದು ಎಕ್ಸ್‌ಟೆನ್ಷನ್ ವೈರ್. ಸಪೂರ, ಉದ್ದದ ವೈರಿನಲ್ಲಿ ವೋಲ್ಟೇಜ್ ಇಳಿಯುತ್ತದೆ, ವೈರೂ ಕಾಯುತ್ತದೆ. ನೇರ ಗೋಡೆಯ ಸಾಕೆಟ್‌ಗೇ ಹಾಕಿ, ಅದೇ ಲೈನಿನಲ್ಲಿ ಬೇರೆ ದೊಡ್ಡ ಉಪಕರಣ ಇರದಿರಲಿ. ಓಡಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ, ಸಾಕೆಟ್ ಕಂದಿದ್ದರೆ, ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬದಲಿಸುವವರೆಗೆ ಓಡಬೇಡಿ.

ಮುಟ್ಟಿದರೆ ಶಾಕ್ ಹೊಡೆಯುತ್ತದೆ

ಒಣ ಹವೆಯಲ್ಲಿ ಓಡುವಾಗ ಬೆಲ್ಟಿನ ಉಜ್ಜಾಟಕ್ಕೆ ಮೈಯಲ್ಲಿ ಸ್ಥಾಯೀ ವಿದ್ಯುತ್ ಸೇರಿ, ಕಂಬಿ ಮುಟ್ಟಿದ ಕ್ಷಣ ಒಂದು ಸಲ ಚುರ್ ಅನ್ನುವುದುಂಟು. ಅದು ಅಪಾಯವಲ್ಲ. ಬೆಲ್ಟ್ ನಿಂತಿದ್ದಾಗಲೂ ಲೋಹ ಮುಟ್ಟಿದರೆ ಜುಮ್ಮೆನ್ನುತ್ತಲೇ ಇದ್ದರೆ ಅದು ಬೇರೆ, ಕರೆಂಟ್ ಮೆಷಿನ್‌ನ ಲೋಹದ ಮೈಗೆ ಸೋರುತ್ತಿದೆ. ಲೋಹ ಬಿಟ್ಟು, ಗೋಡೆಯ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಮುರಿದು ಹಾಕುವುದು, ಎರಡು ಪಿನ್ ಅಡಾಪ್ಟರ್ ಹಾಕುವುದು ಬೇಡ. ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತದೆ ಅಂತ ಅದನ್ನು ತಪ್ಪಿಸಿ ಲೈನ್ ಎಳೆಸುವುದಂತೂ ಜೀವಕ್ಕೇ ಅಪಾಯ.

ವೇಗ, ಕ್ಯಾಲರಿ, ಹೃದಯ ಬಡಿತ ನಂಬಲು ಆಗುತ್ತಿಲ್ಲ

ವೇಗ ಎಂದಿಗಿಂತ ವಿಪರೀತ ಅನಿಸಿದರೆ ಡಿಸ್‌ಪ್ಲೇ ಮೈಲಿಯಲ್ಲಿದೆಯಾ ನೋಡಿ. ಮೈಲಿಯಲ್ಲಿ 5 ಅಂದರೆ ಕಾಲ ಕೆಳಗೆ 8 ಕಿ.ಮೀ. ವೇಗ. ನಿಜವಾದ ವೇಗ ನೀವೇ ಅಳೆಯಬಹುದು. ಬೆಲ್ಟಿನ ಪೂರ್ತಿ ಸುತ್ತಳತೆ ಅಳೆದುಕೊಳ್ಳಿ, ಚಾಕ್ ಗುರುತು ಹಾಕಿ, ಒಂದು ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸಿ. ಬೆಲ್ಟ್ 2.8 ಮೀಟರ್ ಇದ್ದು 30 ಸುತ್ತು ಬಂದರೆ ನಿಮಿಷಕ್ಕೆ 84 ಮೀಟರ್, ಅಂದರೆ ಗಂಟೆಗೆ ಸುಮಾರು 5 ಕಿ.ಮೀ. ಇದನ್ನೇ ಒಬ್ಬರು ಹತ್ತಿದಾಗ ಇನ್ನೊಬ್ಬರು ಎಣಿಸಿ. ಖಾಲಿ ಇದ್ದಾಗ 30, ಹತ್ತಿದಾಗ 26 ಬಂದರೆ ಮೇಲೆ ಹೇಳಿದ ಜಾರಿಕೆ, ಇಲ್ಲವೇ ಉಜ್ಜಾಟ.

ಕ್ಯಾಲರಿ ಸಂಖ್ಯೆ ಒಂದು ಅಂದಾಜು ಮಾತ್ರ. ನಿಮ್ಮ ತೂಕ ಕೇಳದ ಮೆಷಿನ್‌ಗೆ ನೀವೆಷ್ಟು ಶಕ್ತಿ ಖರ್ಚು ಮಾಡಿದಿರಿ ಅಂತ ಹೇಗೆ ಗೊತ್ತಾಗಬೇಕು? ಹಿಡಿಕೆಯ ಮೇಲಿನ ಹೃದಯ ಬಡಿತದ ಪಟ್ಟಿ ಓಡುವಾಗ ಸರಿಯಾಗಿ ಹಿಡಿಯುವುದಿಲ್ಲ. ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಂಬಬಹುದು. ಅದಕ್ಕಿಂತ ಸುಲಭದ್ದು ಮಾತಿನ ಪರೀಕ್ಷೆ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅಂದರೆ ಮಧ್ಯಮ ಶ್ರಮ. ಅಂಥ ಶ್ರಮ ವಾರಕ್ಕೆ 150ರಿಂದ 300 ನಿಮಿಷ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದೆ.

ಏರು ಸಿಕ್ಕಿಕೊಂಡಿದೆ

ಅಡಿಯಲ್ಲಿ ಏನಾದರೂ ಸಿಕ್ಕಿದೆಯಾ ನೋಡಿ, ಆದರೆ ಪ್ಲಗ್ ಕಿತ್ತ ಮೇಲೆ, ಕೈ ಒಳಗೆ ಹಾಕದೆ. ಆಮೇಲೆ ಪುಸ್ತಕದಲ್ಲಿರುವ ಕ್ಯಾಲಿಬ್ರೇಷನ್, ಅಂದರೆ ಏರಿನ ಅಳತೆ ಮತ್ತೆ ಹೊಂದಿಸುವುದನ್ನು, ಮಾಡಿ, ಬಹಳ ಸಲ ಅಷ್ಟಕ್ಕೇ ಬರುತ್ತದೆ. ಸದ್ದು ಬಂದು ಏಳದಿದ್ದರೆ ಏರಿಸುವ ಮೋಟರ್ ಅಥವಾ ಅದರ ತಿರುಪು ಹೋಗಿದೆ, ಟೆಕ್ನಿಷಿಯನ್‌ಗೆ ಬಿಡಿ.

ಮೆಷಿನ್ ಸರಿಯಿದೆ, ದೇಹ ದೂರುತ್ತಿದೆ

ಇಲ್ಲೂ ಮೊದಲ ಪ್ರಶ್ನೆ ಅಂಥದ್ದೇ. ಸಪಾಟಾಗಿ ನಡೆದಾಗಲೂ ನೋಯುತ್ತದಾ, ಏರಿನಲ್ಲಿ ಮಾತ್ರವಾ? ಕೈಕಂಬಿ ಹಿಡಿದಾಗಲಾ, ಬಿಟ್ಟಾಗಲಾ?

ಏರಿನಲ್ಲಿ ಮಾತ್ರ ಮೀನಖಂಡ, ಹಿಮ್ಮಡಿಯ ಮೇಲಿನ ನರ ಎಳೆದರೆ ಏರು ಇಳಿಸಿ, ವಾರಗಳ ಮೇಲೆ ನಿಧಾನ ಏರಿಸಿ. ಹೊರಗೆ ಓಡುವುದಕ್ಕೆ ಸಮ ಆಗಲು 1% ಏರು ಇಡಿ ಅಂತ ಕೇಳಿರುತ್ತೀರಿ. ಆ ಮಾತು 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಿಂದ ಬಂದಿದ್ದು. ಅವರು ನೋಡಿದ್ದು ಗಂಟೆಗೆ ಹತ್ತೂವರೆ ಕಿ.ಮೀ.ಗಿಂತ ವೇಗವಾಗಿ ಓಡುವವರನ್ನು. ನೀವು ನಡೆಯುವವರಾದರೆ ಆ 1% ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕೈಕಂಬಿ ಹಿಡಿದು ಕಡಿದಾದ ಏರಿನಲ್ಲಿ ನಡೆದರೆ ಸೊಂಟ, ಭುಜ ನೋಯುತ್ತವೆ, ಜೊತೆಗೆ ಕೈಗಳೇ ನಿಮ್ಮ ಭಾರ ಹೊರುವುದರಿಂದ ವ್ಯಾಯಾಮವೂ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ನಡೆದರೂ ಫಲ ಕಾಣುತ್ತಿಲ್ಲ ಅನ್ನುವವರು ಮೊದಲು ಕೈ ಬಿಟ್ಟು ನಡೆಯಲು ಆಗುವಷ್ಟಕ್ಕೆ ವೇಗ, ಏರು ಇಳಿಸಿ ನೋಡಿ. ತೂರಾಡುವ ಹಾಗಾಗುವವರು, ಸಮತೋಲನ ಕಷ್ಟ ಇರುವವರು, ವಯಸ್ಸಾದವರು ಮಾತ್ರ ಹಿಡಿದೇ ನಡೆಯಿರಿ, ಅದರಲ್ಲಿ ಸಂಕೋಚ ಬೇಡ.

ಮೊಣಕಾಲ ಕೆಳಗಿನ ಎಲುಬಿನ ಉದ್ದಕ್ಕೂ ನೋವಿದ್ದರೆ ವೇಗ, ಸಮಯ ಎರಡನ್ನೂ ಒಟ್ಟಿಗೇ ಏರಿಸಿರಬಹುದು. ಕೆಲವು ದಿನ ಬಿಡಿ, ಹೆಜ್ಜೆ ಚಿಕ್ಕದು ಮಾಡಿ. ಒಂದೇ ಚುಕ್ಕೆಯಲ್ಲಿ ಒತ್ತಿದರೆ ನೋವು, ಸುಮ್ಮನೆ ಕೂತಾಗಲೂ ನೋವು ಅಂದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು, ವೈದ್ಯರಿಗೆ ತೋರಿಸಿ. ಬೆರಳು ಜೋಮು ಹಿಡಿದರೆ ಶೂ ಲೇಸ್ ಸಡಿಲಿಸಿ ನೋಡಿ.

ಇಳಿದ ತಕ್ಷಣ ನೆಲ ಚಲಿಸಿದ ಹಾಗೆ ಅನಿಸುವುದು ಸಾಮಾನ್ಯ. ಥಟ್ಟನೆ ನಿಲ್ಲಿಸಿದರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತುವುದೂ ಉಂಟು. ಕೊನೆಯ ಐದು ನಿಮಿಷ ನಿಧಾನ ನಡೆದು, ಪಕ್ಕದ ಪಟ್ಟಿಗಳ ಮೇಲೆ ಕಾಲಿಟ್ಟು, ಬೆಲ್ಟ್ ಪೂರ್ತಿ ನಿಂತ ಮೇಲೆ ಇಳಿಯಿರಿ. ಹತ್ತುವಾಗಲೂ ಪಟ್ಟಿಗಳ ಮೇಲೆ ನಿಂತೇ ಶುರು ಮಾಡಿ, ಕೀಯ ದಾರ ಬಟ್ಟೆಗೆ ಸಿಕ್ಕಿಸಿ. ಹಿಂದುಗಡೆ ಎರಡು ಮೀಟರ್ ಜಾಗ ಖಾಲಿ ಬಿಡಿ. ಬಿದ್ದರೆ ಗೋಡೆಗೂ ಬೆಲ್ಟ್‌ಗೂ ನಡುವೆ ಸಿಕ್ಕಿಕೊಳ್ಳುವುದು ಬಹಳ ಕೆಟ್ಟ ಗಾಯ ಮಾಡುತ್ತದೆ.

ಎದೆಯಲ್ಲಿ ಒತ್ತಿದ ಹಾಗೆ ಆಗುವುದು, ನೋವು ದವಡೆಗೋ ಎಡಗೈಗೋ ಹರಡುವುದು, ನಡೆಯುತ್ತಿರುವಾಗಲೇ ಕಣ್ಣು ಕತ್ತಲಿಡುವುದು, ಶ್ರಮಕ್ಕೆ ಮೀರಿದ ಉಸಿರಾಟದ ಕಷ್ಟ, ತಣ್ಣನೆ ಬೆವರು ಇವು ಕಂಡರೆ ತಕ್ಷಣ ನಿಲ್ಲಿಸಿ, ಕೂತುಕೊಳ್ಳಿ, ತುರ್ತು ಸಹಾಯ ಕರೆಸಿ. ಸ್ವಲ್ಪ ಹೊತ್ತಿಗೆ ಕಡಿಮೆಯಾಯಿತು ಅಂತ ಮತ್ತೆ ಹತ್ತಬೇಡಿ. ಹೃದಯದ ಕಾಯಿಲೆ, ಬಿಪಿ, ಸಕ್ಕರೆ ಕಾಯಿಲೆ ಇರುವವರು ಶುರು ಮಾಡುವ ಮುಂಚೆಯೇ ವೈದ್ಯರನ್ನು ಕೇಳಿ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೃದಯ ಬಡಿತ ಹೆಚ್ಚು ಏರುವುದಿಲ್ಲ, ಅವರು ಡಿಸ್‌ಪ್ಲೇಯ ಸಂಖ್ಯೆ ನೋಡಿ ಶ್ರಮ ಅಳೆಯಬಾರದು.

ಟೆಕ್ನಿಷಿಯನ್ ಕರೆಯುವಾಗ

ಮಾದರಿಯ ಹೆಸರು, ಸೀರಿಯಲ್ ನಂಬರ್, ಡಿಸ್‌ಪ್ಲೇಯಲ್ಲಿ ಬಂದ ಕೋಡ್, ಕೊನೆಯ ಸಲ ಎಣ್ಣೆ ಹಾಕಿದ್ದು ಯಾವಾಗ, ತೊಂದರೆ ಖಾಲಿ ಇದ್ದಾಗಲೂ ಬರುತ್ತದಾ ಅಥವಾ ಹತ್ತಿದಾಗ ಮಾತ್ರವಾ, ಇಷ್ಟನ್ನು ಫೋನಿನಲ್ಲೇ ಹೇಳಿ. ಸಾಧ್ಯವಾದರೆ ಸದ್ದು ಕೇಳಿಸುವ ಹಾಗೆ ಒಂದು ವಿಡಿಯೊ ಕಳಿಸಿ. ಬೋರ್ಡ್ ಹೋಗಿದೆ, ಬದಲಿಸಬೇಕು ಅಂತ ಅವರು ಹೇಳಿದರೆ ಒಂದು ಮಾತು ಕೇಳಿ: ಒಬ್ಬರು ನಡೆಯುತ್ತಿರುವಾಗ ಮೋಟರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಅಂತ ಕ್ಲ್ಯಾಂಪ್ ಮೀಟರ್‌ನಲ್ಲಿ ಅಳೆದು ನೋಡಿದ್ದೀರಾ? ಸವೆದ ಬೆಲ್ಟ್ ಜಾಸ್ತಿ ಕರೆಂಟ್ ಎಳೆದು ಬೋರ್ಡ್ ಸುಟ್ಟಿದ್ದರೆ, ಬೆಲ್ಟ್ ಹಾಗೇ ಬಿಟ್ಟು ಬೋರ್ಡ್ ಮಾತ್ರ ಬದಲಿಸಿದಾಗ ಹೊಸದೂ ಅದೇ ದಾರಿ ಹಿಡಿಯುತ್ತದೆ. ಬೋರ್ಡ್ ಪೂರ್ತಿ ಸತ್ತು ಅಳೆಯಲು ಆಗದಿದ್ದರೆ, ಹೊಸದು ಹಾಕುವ ಮುಂಚೆ ಬೆಲ್ಟ್ ಮತ್ತು ಡೆಕ್ ಬಿಚ್ಚಿ ತೋರಿಸಲು ಹೇಳಿ, ಹಾಕಿದ ಮೇಲೆ ನಿಮ್ಮೆದುರೇ ಆಂಪಿಯರ್ ಅಳೆಸಿ.